ಮರಳುಗಾಡಿನಲ್ಲಿ ಏಕಾದಶಿ

ಒಂಟೆಯ ಮೇಲೆ ಕೂತು ನೋಡಿದರೆ ಕೆಳಗಿರುವ ಮನುಷ್ಯರು ಬಹಳ ಸಣ್ಣವರಾಗಿ ಕಾಣುತ್ತಾರೆ. ಅವರು ಹೊಟ್ಟೆ ತೊಳಸಿ, ವಾಂತಿ ಮಾಡಿ, ಜಮಖಾನದ ಮೇಲೆ ಸಾಲಾಗಿ ಅಡ್ಡಬಿದ್ದಿದ್ದರೆ ಇನ್ನೂ ಸಣ್ಣವರಾಗಿ ಕಾಣುತ್ತಾರೆ.

ಈಸ್ಟರ್ ರಜೆಯಲ್ಲಿ ನನಗೆ ಆ ಯೋಗ ಬಂತು. ಜಾಗ, ದುಬೈಯ ಹೊರಗಿನ ಮರಳುಗಾಡು. ಒಂಟೆಯ ಮೇಲೆ ನಾನು. ಕೆಳಗೆ ಜರ್ಮನಿಯ ನಮ್ಮ ಡಾರ್ಮ್‌ಸ್ಟಾಟ್‌ನ ಗೆಳೆಯರ ಗುಂಪು. ಅಡ್ಡಬಿದ್ದವರ ಸಾಲಿನಲ್ಲಿ ಎರಡನೆಯವರು ನಮ್ಮ ಯಜಮಾನರು. (ಇದನ್ನು ಬರೆಯಬೇಡ ಎಂದಿದ್ದಾರೆ. ಬರೆದಾಯಿತು.)

ಆದರೆ ಒಂಟೆ ಹತ್ತುವ ಮೊದಲು ನಾನು ಎಲ್ಲಿದ್ದೆ ಎಂದು ಹೇಳಬೇಕು. ಎಲ್ಲಿಯೂ ಇರಲಿಲ್ಲ. ಲಿಸ್ಟಿನಲ್ಲೇ ಇರಲಿಲ್ಲ.

ನಮ್ಮದು ನಾಲ್ಕು ಮನೆಗಳ ಗುಂಪು. ಹಬ್ಬಕ್ಕೆ ಸೇರುತ್ತೇವೆ, ಜ್ವರ ಬಂದರೆ ಸಾರು-ಅನ್ನ ಕಳಿಸುತ್ತೇವೆ. ಟ್ರಿಪ್‌ಗಳ ಜವಾಬ್ದಾರಿ ರಶ್ಮಿಯದು. ರಶ್ಮಿ ಬೆಂಗಳೂರಿನ ಹುಡುಗಿ, ಎಷ್‌ಬಾರ್ನ್‌ನ ಆಫೀಸಿಗೆ ದಿನಾ ಎಸ್-ಬಾನ್‌ನಲ್ಲಿ ಹೋಗಿಬರುತ್ತಾಳೆ, ಆ ರೈಲಿನಲ್ಲೇ ಎಕ್ಸೆಲ್ ಶೀಟ್ ತೆರೆದು ಟ್ರಿಪ್ ಪ್ಲಾನ್ ಮಾಡುತ್ತಾಳೆ. ಯಾರು, ಎಲ್ಲಿ, ಯಾವ ಹೊತ್ತಿಗೆ, ಎಲ್ಲ ಅದರಲ್ಲಿರುತ್ತದೆ.

ಮೂರು ವರ್ಷದ ಹಿಂದೆ ಎಲ್ಲರೂ ಬ್ಲ್ಯಾಕ್ ಫಾರೆಸ್ಟ್‌ಗೆ ಹೋಗಿದ್ದೆವು. ಸುಳ್ಳು ಹೇಳುವುದೇಕೆ, ಅಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾಡಿದೆ. ಬಾಡಿಗೆ ಮನೆಯ ಪಾತ್ರೆಗಳಲ್ಲಿ ಏನೇನು ಬೆಂದಿತ್ತೋ ಎಂದು ಎಲ್ಲವನ್ನೂ ಎರಡೆರಡು ಸಲ ತೊಳೆದೆ. ನಾನು ಸ್ನಾನ, ಪೂಜೆ ಮುಗಿಸಿ ಅಡುಗೆ ಮಾಡುವಷ್ಟರಲ್ಲಿ ಗಂಟೆ ಮೂರಾಗಿತ್ತು. ಮರುದಿನ ಕೇಕಿನ ಅಂಗಡಿಯಲ್ಲಿ ನನ್ನ ಹಿಂದೆ ಉದ್ದದ ಸಾಲು ನಿಲ್ಲಿಸಿಕೊಂಡು, ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಮೊಟ್ಟೆ ಇದೆಯೇ, ಮದ್ಯ ಇದೆಯೇ ಎಂದು ನನ್ನ ಜರ್ಮನ್‌ನಲ್ಲಿ ವಿಚಾರಿಸಿದೆ. ಎರಡೂ ಇಲ್ಲದಿದ್ದರೆ ಅದಕ್ಕೆ ಆ ಹೆಸರೇ ಇಡುವುದಿಲ್ಲ ಎಂದು ಅಂಗಡಿಯ ಹೆಂಗಸು ಹೇಳಿದಳು. ಅವಳು ನಗಲಿಲ್ಲ. ನಮ್ಮ ಗುಂಪೂ ನಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರೆಲ್ಲ ಇಟಲಿಯ ಗಾರ್ಡಾ ಸರೋವರಕ್ಕೆ ಹೋದರು. ನನಗೆ ಗೊತ್ತಾದದ್ದು ವಾಟ್ಸಾಪ್ ಸ್ಟೇಟಸ್‌ನಿಂದ. ಮೂರು ಮನೆಯವರು ನೀಲಿ ನೀರಿನ ಮುಂದೆ ಕೈ ಎತ್ತಿಕೊಂಡು ನಿಂತಿದ್ದರು. ನಾನು ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ನಿಂತಿದ್ದೆ. ಫೋಟೋಗೆ ಒಂದು ಹೃದಯದ ಗುರುತು ಒತ್ತಿ, ಬೀನ್ಸ್ ಮುರಿಯುವುದನ್ನು ಮುಂದುವರಿಸಿದೆ. ಆ ದಿನ ಪಲ್ಯಕ್ಕೆ ಉಪ್ಪು ಹಾಕಲು ಮರೆತೆ. ಯಾಕೆ ಎಂದು ನಮ್ಮವರು ಕೇಳಲಿಲ್ಲ, ಅವರೂ ಆ ಸ್ಟೇಟಸ್ ನೋಡಿದ್ದರು.

ಹಾಗಾಗಿ ಈ ಸಲ ದುಬೈಗೆ ನೀವೂ ಬನ್ನಿ ಎಂದು ಕರೆ ಬಂದಾಗ ನಾನು ದೇವರ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದೆ. ಕರೆಯುವ ಮುಂಚೆ ರಶ್ಮಿಯ ಗಂಡ ಕಿರಣ್ ನಮ್ಮವರಿಗೆ ಫೋನ್ ಮಾಡಿ ಮೆಲ್ಲಗೆ ಏನೋ ವಿಚಾರಿಸಿದ್ದರು. ಆ ತುದಿಯ ಮಾತು ನನಗೆ ಕೇಳಿಸಲಿಲ್ಲ. ಈ ತುದಿಯದು ಅಡುಗೆಮನೆಯವರೆಗೆ ಕೇಳಿಸಿತು.

"ಇಲ್ಲ ಮಾರಾಯ, ಅವಳು ಅಡ್ಜಸ್ಟ್ ಮಾಡಿಕೊಳ್ತಾಳೆ. ನಾನು ಗ್ಯಾರಂಟಿ."

ಗ್ಯಾರಂಟಿ! ಫ್ರಿಜ್ಜಿಗೆ ಕೊಡುವಂಥದ್ದು! ಆದರೂ ಸುಮ್ಮನಿದ್ದೆ. ಯಾಕೆಂದರೆ ರಶ್ಮಿ ಕಳಿಸಿದ ಎಕ್ಸೆಲ್ ಶೀಟನ್ನು ನಾನೂ ನೋಡಿದ್ದೆ. ಹನ್ನೊಂದು ಹೆಸರು. ಊಟದ ಕಾಲಮ್ಮಿನಲ್ಲಿ ಹತ್ತು ಜನರ ಮುಂದೆ ಓಕೆ ಎಂದಿತ್ತು. ನನ್ನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ತೆಗೆಯಲು ಮರೆತಿದ್ದಳು, ಪಾಪ.

ಆ ಚಿಹ್ನೆಯನ್ನು ಅಳಿಸಲೇಬೇಕು ಎಂದು ಅಂದೇ ನಿಶ್ಚಯಿಸಿದೆ. ಈ ಸಲ ನನ್ನಿಂದ ಯಾರಿಗೂ ಒಂದು ನಿಮಿಷ ತಡವಾಗಬಾರದು. ಹಾಗೆಂದು ನನ್ನ ಏಕಾದಶಿಯೂ ತಪ್ಪಬಾರದು. ಎರಡರಲ್ಲಿ ಮೊದಲನೆಯದು ತಪ್ಪಿದರೆ ಮುಂದಿನ ಟ್ರಿಪ್ಪನ್ನು ಮತ್ತೆ ಸ್ಟೇಟಸ್‌ನಲ್ಲೇ ನೋಡಬೇಕು. ಎರಡನೆಯದು ತಪ್ಪಿದರೆ, ಮದುವೆಯಾದಾಗಿನಿಂದ ಒಂದೂ ತಪ್ಪಿಸದೆ ನಡೆಸಿಕೊಂಡು ಬಂದದ್ದಕ್ಕೆ ಏನು ಅರ್ಥ?

ಕ್ಯಾಲೆಂಡರ್ ನೋಡಿದೆ. ಪುಣ್ಯಕ್ಕೆ ಏಕಾದಶಿ ಬಿದ್ದಿದ್ದು ಶುಕ್ರವಾರ. ಎಕ್ಸೆಲ್ ಶೀಟಿನಲ್ಲಿ ಶುಕ್ರವಾರ ಏನು? ಶಾಪಿಂಗ್! ಮಾಲ್‌ನಲ್ಲಿ ಯಾರು ತಿಂದರು, ಯಾರು ಬಿಟ್ಟರು ಎಂದು ಯಾರು ನೋಡುತ್ತಾರೆ? ಶನಿವಾರ ಮರಳುಗಾಡಿನ ಸಫಾರಿ, ರಾತ್ರಿಯೂಟ, ನೃತ್ಯ. ದ್ವಾದಶಿಯ ದಿನ ನಾನು ಧಾರಾಳ ಉಣ್ಣಬಹುದು. ದೇವರು ಎಷ್ಟು ಚೆನ್ನಾಗಿ ಜೋಡಿಸಿದ್ದಾನೆ ಎಂದುಕೊಂಡೆ.

ಹೊರಡುವ ದಿನ ಬ್ಯಾಗಿಗೆ ಅವಲಕ್ಕಿ, ನೆಲ್ಲಿಕಾಯಿ ಪುಡಿ, ನಿಂಬೆರಸದಲ್ಲಿ ನೆನೆಸಿ ಒಣಗಿಸಿದ ಶುಂಠಿಯ ಡಬ್ಬಿ ಹಾಕಿದೆ. (ಬಾಲ್ಕನಿಯಲ್ಲಿ ಒಣಗಿಸುವಾಗ ಕೆಳಮನೆಯ ಅಜ್ಜಿ ಇದು ಹಕ್ಕಿಗಳಿಗೋ ಎಂದು ಕೇಳಿದ್ದರು.) ಕೊನೆಗೆ ಡ್ರಾಯರ್ ತೆರೆದು ಕವರ್‌ಗಳನ್ನು ತುಂಬಿದೆ.

ನಮ್ಮ ಮನೆಯ ಕವರ್ ಡ್ರಾಯರ್ ಬಗ್ಗೆ ಹಿಂದೊಮ್ಮೆ ಬರೆದು ನಿಮ್ಮೆಲ್ಲರಿಂದ ಹೊಗಳಿಸಿಕೊಂಡಿದ್ದೆ, ಮನೆಯವರಿಂದ ಬೈಸಿಕೊಂಡಿದ್ದೆ. ಸೂಪರ್ ಮಾರ್ಕೆಟ್‌ನಲ್ಲಿ ಟೊಮೆಟೊ ಹಾಕಿ ತರುವ ತೆಳ್ಳನೆಯ ಕವರ್ ನಾನು ಎಸೆಯುವುದಿಲ್ಲ. ತೊಳೆದು, ಒಣಗಿಸಿ, ತ್ರಿಕೋನ ಮಡಿಸಿ ಇಡುತ್ತೇನೆ. ಈ ಸಲವೂ ನಮ್ಮವರು ಹಣೆ ಹಣೆ ಚಚ್ಚಿಕೊಂಡರು. ದುಬೈಯಲ್ಲಿ ಕವರ್ ಸಿಗುವುದಿಲ್ಲವೇ, ಏರ್‌ಪೋರ್ಟ್‌ನಲ್ಲಿ ಬ್ಯಾಗ್ ತೆರೆಸಿದರೆ ನನ್ನ ಮಾನ ಏನಾಗಬೇಕು ಎಂದೆಲ್ಲ ಕೇಳಿದರು. ನಾನು ಇಪ್ಪತ್ತು ಇಟ್ಟೆ. ಅವರು ಆ ಕಡೆ ಹೋದ ಮೇಲೆ ಇನ್ನೊಂದು ಹತ್ತು ಇಟ್ಟೆ.

ಗುರುವಾರ ಸಂಜೆ, ದುಬೈಯ ಹೋಟೆಲಿನಲ್ಲಿದ್ದಾಗ, ಗುಂಪಿಗೆ ರಶ್ಮಿಯ ಮೆಸೇಜ್ ಬಂತು. ಶನಿವಾರ ಮರಳುಗಾಳಿ ಬೀಸುವ ಸೂಚನೆ ಇದೆಯಂತೆ. ಸಫಾರಿ ಕಂಪನಿಯವರು ನಮ್ಮನ್ನು ಶುಕ್ರವಾರಕ್ಕೆ ಹಾಕಿದ್ದಾರಂತೆ. ಎಲ್ಲರಿಗೂ ಓಕೆನಾ?

ಒಂಬತ್ತು ಓಕೆ ಬಂದವು. ಎಲ್ಲರೂ ನನ್ನದಕ್ಕೆ ಕಾಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಅಥವಾ ಯಾರೂ ಕಾಯುತ್ತಿರಲಿಲ್ಲವೋ ಏನೋ.

ಏನು ಮಾಡುತ್ತೀರಿ ಹೇಳಿ? ನಾಳೆ ನನಗೆ ಉಪವಾಸ ಎಂದರೆ, ನೋಡಿದಿರಾ ಮತ್ತೆ ಶುರು ಎನ್ನುತ್ತಾರೆ. ಹೋಗದೆ ರೂಮಿನಲ್ಲಿ ಉಳಿದರೆ ನಮ್ಮವರೂ ಉಳಿಯುತ್ತಾರೆ, ಜೀಪಿನಲ್ಲಿ ಎರಡು ಸೀಟು ಖಾಲಿ, ಎಲ್ಲರ ಮುಖ ಸಣ್ಣದು. ನಾನು ಬಾಲ್ಕನಿಗೆ ಹೋಗಿ ಐದು ನಿಮಿಷ ನಿಂತೆ. ಉಪವಾಸ ನನ್ನ ಮತ್ತು ದೇವರ ನಡುವಿನದು. ಮೂರನೆಯವರಿಗೆ ಯಾಕೆ ಹೇಳಬೇಕು?

ಓಕೆ ಎಂದು ಕಳಿಸಿದೆ. ಪಕ್ಕದಲ್ಲಿ ಒಂಟೆಯ ಚಿತ್ರವನ್ನೂ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಪೂರಿ ಹೊಡೆದರು. ನಾನು ಆಗಲೇ ಆಯಿತು ಎಂದೆ. (ಸ್ನಾನ ಆಗಿತ್ತು. ಏನು ಆಯಿತು ಎಂದು ಅವರು ಕೇಳಲಿಲ್ಲ.) ಮಧ್ಯಾಹ್ನ ಕಂಪನಿಯಿಂದ ಸೂಚನೆ ಬಂತು, ಜೀಪು ತುಂಬಾ ಕುಲುಕುತ್ತದೆ, ಹೊಟ್ಟೆ ಹಗುರ ಇರಲಿ ಎಂದು. ಕಿರಣ್ ಅದನ್ನು ಬಿರಿಯಾನಿಯ ತಟ್ಟೆಯ ಮುಂದೆ ಕೂತು ಓದಿ ಹೇಳಿದರು. ಆಟೋಬಾನ್‌ನಲ್ಲಿ ತಾನು ಯಾವ ಸ್ಪೀಡಿನಲ್ಲಿ ಹೋಗುತ್ತೇನೆ, ಯಾವ ಯಾವ ರೋಲರ್ ಕೋಸ್ಟರ್ ಹತ್ತಿದ್ದೇನೆ ಎಂದು ವಿವರಿಸಿ, ಇನ್ನೊಂದು ಪ್ಲೇಟ್ ತರಿಸಿದರು. ನಮ್ಮವರು ಒಬ್ಬರೇ ನನ್ನ ಕಡೆ ನೋಡಿದರು. ಅವರಿಗೆ ತಿಥಿ ಮರೆಯುತ್ತದೆ, ನನ್ನ ಖಾಲಿ ತಟ್ಟೆ ಮರೆಯುವುದಿಲ್ಲ. "ನೀರಾದರೂ ಕುಡಿ" ಎಂದು ಮೆಲ್ಲಗೆ ಹೇಳಿದರು. ನೀರು ಕುಡಿಯುತ್ತೇನೆ. ನಿರ್ಜಲ ಮಾಡುತ್ತಿದ್ದ ನನ್ನ ಅಜ್ಜಿಯಷ್ಟು ಗಟ್ಟಿ ನಾನಲ್ಲ.

ಮಧ್ಯಾಹ್ನ ಮೂರಕ್ಕೆ ಜೀಪುಗಳು ಬಂದವು. ನಮ್ಮದರಲ್ಲಿ ಐದು ಜನ: ನಾವಿಬ್ಬರು, ರಶ್ಮಿ, ಕಿರಣ್, ಅವರ ಹದಿಮೂರು ವರ್ಷದ ಮಗಳು ಅನನ್ಯಾ. ಆರನೆಯ ಸೀಟು ನನ್ನ ಬ್ಯಾಗಿಗೆ. ಉಳಿದ ಎರಡು ಮನೆಯವರು ಇನ್ನೊಂದು ಜೀಪಿನಲ್ಲಿ. ನಮ್ಮ ಡ್ರೈವರ್ ಹಿಂದಿಯಲ್ಲಿ ಬೆಲ್ಟ್ ಹಾಕಿಕೊಳ್ಳಿ ಎಂದ. ಮರಳು ಶುರುವಾಗುವಲ್ಲಿ ಇಳಿದು, ನಾಲ್ಕೂ ಚಕ್ರದ ಗಾಳಿ ಅರ್ಧ ಬಿಟ್ಟ. ಗಾಳಿ ತುಂಬಿದ್ದರೆ ಚಕ್ರ ಮರಳಿನಲ್ಲಿ ಹೂತುಹೋಗುತ್ತದಂತೆ. ಖಾಲಿಯಾದಷ್ಟೂ ಹಿಡಿತ ಜಾಸ್ತಿಯಂತೆ. ನನಗೆ ಈ ಮಾತು ಬಹಳ ಹಿಡಿಸಿತು.

ಡಾರ್ಮ್‌ಸ್ಟಾಟ್ ಪಕ್ಕದ ಗ್ರೀಸ್‌ಹೈಮ್‌ನಲ್ಲೂ ಒಂದು ಮರಳು ದಿಬ್ಬ ಇದೆ, ನಾವು ಭಾನುವಾರ ನಡೆಯಲು ಹೋಗುತ್ತೇವೆ. ಅದರ ಮೇಲೆ ಕಾಲಿಡಬೇಡಿ, ಹುಲ್ಲಿಗೆ ತೊಂದರೆಯಾಗುತ್ತದೆ ಎಂದು ಬೋರ್ಡ್ ಹಾಕಿದ್ದಾರೆ. ಇಲ್ಲಿ ಮೂರಂತಸ್ತಿನ ಎತ್ತರದ ದಿಬ್ಬಕ್ಕೆ ಜೀಪು ಓಡಿಹೋಗಿ ಹತ್ತಿತು. ತುದಿಯಲ್ಲಿ ಒಂದು ಕ್ಷಣ ಮುಂದೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಮೂಗು ಕೆಳಗೆ ಮಾಡಿ ಅಡ್ಡಡ್ಡ ಜಾರಿತು.

ನಾನು ಮನಸ್ಸಿನಲ್ಲಿ ಅಷ್ಟೋತ್ತರ ಶುರುಮಾಡಿದೆ. ನೂರೆಂಟು ನಾಮ ಮುಗಿಯುವಷ್ಟರಲ್ಲಿ ಇದೂ ಮುಗಿಯುತ್ತದೆ ಎಂಬ ಲೆಕ್ಕ.

ಹತ್ತನೆಯ ನಾಮದವರೆಗೆ ಕಿರಣ್ ಇನ್ನೂ ಸ್ಪೀಡ್ ಇನ್ನೂ ಸ್ಪೀಡ್ ಎಂದು ಕೂಗುತ್ತಿದ್ದರು. ಇಪ್ಪತ್ತರ ಹೊತ್ತಿಗೆ ಸುಮ್ಮನಾದರು. ಮೂವತ್ತರ ಹೊತ್ತಿಗೆ ಅವರ ಕುತ್ತಿಗೆ ಹಿಂದಿನಿಂದ ನೋಡಿದರೆ ಹಸಿರಾಗಿತ್ತು. ಹಸಿರು ಎಂದರೆ ಹೀರೇಕಾಯಿಯ ಸಿಪ್ಪೆಯ ಹಸಿರು.

ನಾನು ಬ್ಯಾಗಿನ ಜಿಪ್ ಎಳೆದೆ. ಒಂದು ಕವರ್ ಬಿಡಿಸಿ, ಊದಿ, ತೂತಿಲ್ಲ ಎಂದು ನೋಡಿ, ಮುಂದಕ್ಕೆ ಚಾಚಿದೆ. ಸರಿಯಾದ ಸಮಯಕ್ಕೆ ತಲುಪಿತು. ದೇವರು ದೊಡ್ಡವನು.

ಮುಂದಿನದು ರಶ್ಮಿ. ಅವಳಿಗೆ ಎರಡು ಬೇಕಾಯಿತು. ಆಮೇಲೆ ಅನನ್ಯಾ ನನ್ನ ತೋಳು ಹಿಡಿದುಕೊಂಡಳು. ಈ ಹುಡುಗಿ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುವವಳು. ಜರ್ಮನ್‌ನಲ್ಲೇ "ಮಿರ್ ಇಸ್ಟ್ ಶ್ಲೆಖ್ಟ್" ಎಂದಳು, ಹೊಟ್ಟೆ ತೊಳಸುತ್ತಿದೆ ಎಂದು. ಯಾವ ಭಾಷೆಯಲ್ಲಿ ಹೇಳಿದರೂ ಆ ಮುಖಕ್ಕೆ ಅರ್ಥ ಒಂದೇ. ಕವರ್ ಕೊಟ್ಟೆ, ಬೆನ್ನು ಸವರಿದೆ, ಶುಂಠಿಯ ಚೂರು ಬಾಯಿಗಿಟ್ಟೆ.

ನಮ್ಮವರು ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದರು. "ಕಣ್ಣು ಮುಚ್ಚಬೇಡಿ ಮಾರಾಯ್ರೆ, ದೂರ ನೋಡಿ" ಎಂದೆ.

ಅದನ್ನು ಕೇಳಿ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಹಿಂದಿ ಅಲ್ಲೇ ನಿಂತಿತು.

"ಅಕ್ಕ, ನಿಮ್ದು ಊರು ಎಲ್ಲಿ ಆಯ್ತು?"

ಉಡುಪಿ ಎಂದೆ. ಅವನದು ಉಪ್ಪಳ. ಹೆಸರು ಹನೀಫ್. ದಿಬ್ಬದ ಮೇಲೆ ಜೀಪು ಓರೆಯಾಗಿ ನಿಂತಿದ್ದಾಗಲೇ ನಾವು ಊರಿನ ಬಸ್ಸು, ಸೆಕೆ, ಮಾವಿನಕಾಯಿಯ ವಿಷಯ ಮಾತಾಡಿದೆವು. ನಮ್ಮವರಿಗೆ ಅದೇ ಸಮಯಕ್ಕೆ ಕವರ್ ಬೇಕಾಯಿತು. ಹದಿನೆಂಟು ವರ್ಷ ನನ್ನ ಡ್ರಾಯರನ್ನು ಬೈದ ಮನುಷ್ಯ ಎರಡೂ ಕೈ ಚಾಚಿ ಇಸಿದುಕೊಂಡರು. ಕೊಡುವಾಗ ಒಂದು ಮಾತು ಆಡಬೇಕೆಂದು ನಾಲಿಗೆ ತುರಿಸಿತು. ವ್ರತದ ದಿನ ಎಂದು ತಡೆದುಕೊಂಡೆ. (ಒಳಗೊಳಗೆ ಖುಷಿಯಾದದ್ದು ನಿಜ. ಅದಕ್ಕೆ ಆಮೇಲೆ ದೇವರಲ್ಲಿ ಕ್ಷಮೆ ಕೇಳಿದ್ದೇನೆ.)

ನೂರೆಂಟನೆಯ ನಾಮಕ್ಕೆ ಜೀಪು ಕ್ಯಾಂಪಿನ ಮುಂದೆ ನಿಂತಿತು. ಇನ್ನೊಂದು ಜೀಪಿನಿಂದಲೂ ಮೂವರನ್ನು ಕೈಹಿಡಿದು ಇಳಿಸುತ್ತಿದ್ದರು. ಅವರಿಗೂ ಕವರ್ ತಲುಪಿಸಿದೆ. ಸುತ್ತ ಕೆಂಪು ಜಮಖಾನ, ದಿಂಬು, ಗಿಡ್ಡ ಮೇಜುಗಳು. ನಡುವೆ ಕುಣಿಯುವ ಕಟ್ಟೆ. ಒಂದು ಕಡೆ ಊಟದ ಸಾಲು, ವೆಜ್‌ಗೆ ಪ್ರತ್ಯೇಕ ಮೇಜು. ಆ ಮೇಜಿನ ಮುಂದೆ ನಮ್ಮ ಗುಂಪಿನವರು ಒಬ್ಬರೂ ಇರಲಿಲ್ಲ. ಎಲ್ಲರೂ ಜಮಖಾನಕ್ಕೆ ಬಿದ್ದಿದ್ದರು.

ಆಗಲೇ ಒಂಟೆಯವನು ಬಂದು ಯಾರು ಬರುತ್ತೀರಿ ಎಂದದ್ದು. ಅಲುಗಾಡುವ ಯಾವುದನ್ನೂ ಈ ಜನ್ಮದಲ್ಲಿ ಹತ್ತುವುದಿಲ್ಲ ಎಂದು ಕಿರಣ್ ಮಲಗಿದ್ದಲ್ಲಿಂದಲೇ ಕೈ ಆಡಿಸಿದರು. ನಾನು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಎದ್ದೆ. ಒಂಟೆ ಏಳುವಾಗ ಮೊದಲು ಹಿಂದಿನ ಕಾಲು ಎತ್ತುತ್ತದೆ, ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಆಮೇಲೆ ಮುಂದಿನದು. ಅಷ್ಟೇ. ಅದು ಎದ್ದು ನಿಂತಾಗ ಮರಳೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಸಂಧ್ಯಾಕಾಲಕ್ಕೆ ಸೂರ್ಯನಿಗೆ ಕೈಮುಗಿದೆ. ಎರಡೂ ಕೈ ಬಿಟ್ಟು ಒಂಟೆಯ ಮೇಲೆ ಕೂತದ್ದು ಆಗ ನನಗೇ ಗೊತ್ತಾಗಲಿಲ್ಲ.

ಇಳಿದು ಬಂದಾಗ ಹನೀಫ್ ತಟ್ಟೆಯಲ್ಲಿ ಖರ್ಜೂರ ತಂದು ಮುಂದೆ ಹಿಡಿದ. ಬೇಡಪ್ಪ ಎಂದೆ. ಚಹಾ? ಬೇಡ. ಏನಾದರೂ? ಬೇಡ.

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. "ಉಪವಾಸವಾ ಅಕ್ಕ?"

ಉಪವಾಸ ಮಾಡುವವರಿಗೆ ಉಪವಾಸದ ಮುಖ ಗೊತ್ತಾಗುತ್ತದೆ. ಹೂಂ ಎಂದೆ.

"ನಾವು ಸಹ ನೋಂಬಿನ ತಿಂಗಳಲ್ಲಿ ಖಾಲಿ ಹೊಟ್ಟೆಯಲ್ಲೇ ಈ ಗುಡ್ಡೆಯಲ್ಲಿ ಗಾಡಿ ಬಿಡುದು. ಒಂದು ದಿವಸ ಸಹ ತಲೆ ತಿರುಗುದಿಲ್ಲ ಅಕ್ಕ. ತಿಂದು ಬಂದವರಿಗೇ ಪ್ರಾಬ್ಲೆಮ್" ಎಂದು ಜಮಖಾನದ ಕಡೆ ಕೈ ತೋರಿಸಿ ನಕ್ಕ.

ಅಷ್ಟು ಸಾಕಾಯಿತು. ರಶ್ಮಿ ದಿಂಬಿನಿಂದ ತಲೆ ಎತ್ತಿದಳು. "ಇವತ್ತು ಏಕಾದಶೀನಾ ಅಕ್ಕ? ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?"

ತಿಂದಿಲ್ಲ ಎಂದೆ.

"ನಂಗೆ ಹೇಳ್ಬಾರ್ದಿತ್ತಾ? ಬೇರೆ ದಿನ ಕೇಳ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವಳು ಮತ್ತೆ ದಿಂಬಿಗೆ ತಲೆಯಿಟ್ಟಳು. ಕಟ್ಟೆಯ ಮೇಲೆ ಒಬ್ಬ ನರ್ತಕ ದೀಪಗಳ ಲಂಗ ತೊಟ್ಟು ಗಿರಗಿರ ತಿರುಗತೊಡಗಿದ. ನಮ್ಮ ಗುಂಪಿನವರು ಅದನ್ನು ನೋಡಲಾರದೆ ಮುಖ ತಿರುಗಿಸಿದರು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಸ್ವಲ್ಪ ಹೊತ್ತಿನ ಮೇಲೆ ರಶ್ಮಿ ನನ್ನ ಪಕ್ಕಕ್ಕೆ ಸರಿದು, "ಗಾರ್ಡಾಗೆ ನಿಮ್ಮನ್ನ ಬೇಡ ಅಂದಿದ್ದು ನಾನೇ ಅಕ್ಕ" ಎಂದಳು.

"ಗೊತ್ತು. ಶುಂಠಿ ಬಾಯಲ್ಲಿ ಇಟ್ಕೊ, ಅಗಿಯಬೇಡ" ಎಂದೆ.

ಇನ್ನೇನು ಹೇಳಬೇಕಿತ್ತು? ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಮೂರು ಗಂಟೆಯವರೆಗೆ ಹಸಿದು ಕೂತಿದ್ದವಳು ಅವಳು. ಅವಳಿಗೂ ಅವಳ ನ್ಯಾಯ ಇತ್ತು.

ಊಟದ ಸಾಲು ಕೊನೆಯವರೆಗೂ ಹಾಗೇ ಇತ್ತು. ಮಸಾಲೆಯ ಪರಿಮಳ ಬಂದಾಗಲೆಲ್ಲ ನಮ್ಮವರು ಇನ್ನೊಂದು ಬದಿಗೆ ಹೊರಳುತ್ತಿದ್ದರು. ನಮ್ಮ ಜೀಪಿನಲ್ಲಿ ಬಂದವರು ಒಬ್ಬರೂ ಒಂದು ತುತ್ತು ಮುಟ್ಟಲಿಲ್ಲ. ಬರೀ ನೀರು. ಯೋಚಿಸಿ ನೋಡಿ, ಐದಕ್ಕೆ ಐದು ಜನರಿಗೂ ಏಕಾದಶಿ! ವ್ಯತ್ಯಾಸ ಇಷ್ಟೇ, ನಾನು ಮಾಡಿದ್ದು ಇಷ್ಟಪಟ್ಟು.

ಮರುದಿನ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಪಾರಣೆಗೆ ಅವಲಕ್ಕಿ ನೆನೆಸಿದ್ದೆ. ಬಾಗಿಲು ಬಡಿದ ಸದ್ದಾಯಿತು. ರಶ್ಮಿ, ಕಿರಣ್, ಅನನ್ಯಾ, ಮೂವರೂ ಸಾಲಾಗಿ ನಿಂತಿದ್ದರು. ಹೋಟೆಲಿನ ತಿಂಡಿಗೆ ಇನ್ನೂ ಒಂದೂವರೆ ಗಂಟೆ ಇತ್ತು, ಇವರ ಹೊಟ್ಟೆ ತಾಳ ಹಾಕುತ್ತಿತ್ತು. ನಿಮ್ಮ ಹತ್ತಿರ ಏನಾದರೂ ಇರುತ್ತದೆ ಎಂದು ಬಂದೆವು ಅಂದರು. ಬಿಸಿನೀರಿನ ಕೆಟಲ್, ಹೋಟೆಲಿನ ಐದು ಕಪ್ಪು, ಬೆಲ್ಲ, ಅವಲಕ್ಕಿ. ಪಾತ್ರೆಯನ್ನು ಎಷ್ಟು ಸಲ ತೊಳೆದೆ ಎಂದು ಯಾರೂ ಕೇಳಲಿಲ್ಲ. ದೇವರಿಗೆ ತೋರಿಸಿ ಬರುವವರೆಗೆ ಎಲ್ಲರೂ ಕೈಕಟ್ಟಿ ಕಾದರು. ಅನನ್ಯಾ ಎರಡನೆಯ ಸಲ ಕಪ್ಪು ಚಾಚಿ, ಅಚ್ಚ ಕನ್ನಡದಲ್ಲಿ, "ಇನ್ನೂ ಸ್ವಲ್ಪ ಹಾಕಿ ಆಂಟಿ" ಎಂದಳು. ದೇವರ ಇಂಥ ಸಣ್ಣ ಕೃಪೆಗಳನ್ನು ನಾನು ಬೆರಳು ಮಡಿಸಿ ನೆನಪಿಟ್ಟುಕೊಳ್ಳುತ್ತೇನೆ.

ನೀವು ಕೇಳಬಹುದು, ಕಾಪಾಡಿದ್ದು ದೇವರೋ, ಖಾಲಿ ಹೊಟ್ಟೆಯೋ? ಹೊಟ್ಟೆ ಖಾಲಿ ಇರಿಸಿದ್ದು ಯಾರು ಎಂದು ನಾನು ತಿರುಗಿ ಕೇಳುತ್ತೇನೆ.

ಊರಿಗೆ, ಅಂದರೆ ಡಾರ್ಮ್‌ಸ್ಟಾಟ್‌ಗೆ, ಬಂದ ದಿನ ಫೋನ್ ತೆರೆದರೆ ರಶ್ಮಿಯ ಸ್ಟೇಟಸ್. ಕೆಂಪು ಮರಳು, ಒಂಟೆ, ಮೇಲೆ ಕೈಮುಗಿದು ಕೂತ ನಾನು. ನಾನು ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಿದ್ದೆ. ಈ ಸಲ ಉಪ್ಪು ಮರೆಯಲಿಲ್ಲ. ಕವರ್ ಡ್ರಾಯರ್ ಎಂದಿನಂತೆ ಸಿಕ್ಕಿಕೊಂಡಿತ್ತು. ನಮ್ಮವರು ಮಂಡಿಯೂರಿ ಕೂತು, ಅದಕ್ಕೆ ಮೇಣ ಹಚ್ಚಿ ಸಲೀಸು ಮಾಡಿಕೊಟ್ಟರು.

ಮೊನ್ನೆ ರಶ್ಮಿಯ ಹೊಸ ಎಕ್ಸೆಲ್ ಶೀಟ್ ಬಂತು. ಬೇಸಿಗೆ ರಜೆಗೆ ಉತ್ತರ ಸಮುದ್ರದ ಒಂದು ದ್ವೀಪಕ್ಕೆ ಹೋಗುವುದಂತೆ, ಎರಡು ಗಂಟೆ ದೋಣಿಯಲ್ಲಿ. ಹನ್ನೊಂದು ಹೆಸರು. ನನ್ನದರ ಮುಂದೆ ಕೆಂಪು ಚಿಹ್ನೆ ಇಲ್ಲ. ಆದರೆ ಕೊನೆಯಲ್ಲಿ ಒಂದು ಹೊಸ ಕಾಲಮ್ ಇತ್ತು, ಕನ್ನಡದಲ್ಲೇ ಬರೆದಿದ್ದಳು: ಏಕಾದಶಿ. ಅದರ ಕೆಳಗೆ ಖಾಲಿ ಬಿಟ್ಟಿದ್ದಳು.

ಇದೇನು ಎಂದು ಫೋನ್ ಮಾಡಿದೆ. ಆಫೀಸಿನ ಲಂಚ್ ಬ್ರೇಕ್‌ನಲ್ಲಿದ್ದಳು, ಬಾಯಲ್ಲಿ ಏನೋ ಇತ್ತು.

"ಆಗಸ್ಟ್‌ನಲ್ಲಿ ಯಾವತ್ತು ಬರತ್ತೆ ನೋಡಿ ತುಂಬಿ ಅಕ್ಕ. ಅವತ್ತೇ ದೋಣಿ ಬುಕ್ ಮಾಡ್ತೀನಿ. ಹನ್ನೊಂದೂ ಜನ ಏನೂ ತಿನ್ನದೆ ಹತ್ತೋಣ ಅಂತ ಕಿರಣ್ ಹೇಳ್ತಿದ್ದಾರೆ. ಕವರ್ ಮಾತ್ರ ನೀವು ತರ್ಬೇಕು."

ಕ್ಯಾಲೆಂಡರ್ ನೋಡಿ ತಾರೀಖು ತುಂಬಿ ಕಳಿಸಿದೆ. ಈಗ ನೀವೇ ಹೇಳಿ, ಅಡ್ಜಸ್ಟ್ ಮಾಡಿಕೊಂಡವರು ಯಾರು?